ಮಹದಾಯಿ: 2022ರ ಡಿಸೆಂಬರ್ 29ರ ಭಾಷಣ ಕೇಳಿ ಪೇಢೆ ಹಂಚಿದವರು ಇಲ್ಲಿ ಯಾರಾದರೂ ಇದ್ದೀರಾ?

ಹೆಸರುಕಾಳು:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಓದಿ.

2022ರ ಡಿಸೆಂಬರ್ 29, ಗುರುವಾರ. ಕಡಲೆಗೆ ಔಷಧಿ ತರಲು ನವಲಗುಂದಕ್ಕೆ ಬಂದಿದ್ದೆ. ಚಹಾದಂಗಡಿಯ ಟಿವಿಯಲ್ಲಿ ಬೆಳಗಾವಿ ಅಧಿವೇಶನದ ಸುದ್ದಿ. ಮಹದಾಯಿ ನದಿಯ ಸ್ವಲ್ಪ ನೀರನ್ನು ನಮ್ಮ ಕಡೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಯ ವಿವರವಾದ ವರದಿ, ಅಂದರೆ ಡಿಪಿಆರ್‌ಗೆ ಕೇಂದ್ರ ಜಲ ಆಯೋಗ ಒಪ್ಪಿಗೆ ಕೊಟ್ಟಿದೆ ಅಂತ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಸದನದಲ್ಲಿ ಹೇಳಿದರು. ಅಂಗಡಿಯಲ್ಲಿ ಮಾತು ನಿಂತಿತು. ಒಲೆ ಮುಂದಿದ್ದ ಕಾಕಾ ಸೌಟು ಕೆಳಗಿಟ್ಟು ಟಿವಿ ಕಡೆ ನೋಡಿ ಕೈಮುಗಿದರು. ಹಿಂದಿನ ಬೆಂಚಿನಲ್ಲಿದ್ದ ಹಿರಿಯರೊಬ್ಬರು ಹಸಿರು ಶಾಲಿನ ತುದಿಯಿಂದ ಕಣ್ಣು ಒರೆಸಿಕೊಂಡರು. ನಾನೇ ಹೋಗಿ ಅರ್ಧ ಕೆಜಿ ಪೇಢೆ ತಂದು ಅಲ್ಲಿದ್ದವರಿಗೆಲ್ಲ ಹಂಚಿದೆ. ಉಳಿದಿದ್ದನ್ನು ಮನೆಗೆ ಒಯ್ದೆ.

ಅವ್ವ ಆಗ ನೀರು ಸೋಸುತ್ತಿದ್ದಳು. ನಮ್ಮ ಮನೆಯಲ್ಲಿ ಕೆರೆ ನೀರನ್ನು ಹಾಗೇ ಕುಡಿಯುವುದಿಲ್ಲ. ಹಳೇ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟುತ್ತಾಳೆ. ಮೇಲಿಂದ ನಿಧಾನವಾಗಿ ಸುರಿಯುತ್ತಾಳೆ. ಸೋಸಿದ ಮೇಲೆ ಬಟ್ಟೆ ಮೇಲೆ ಹಸಿರು ಪಾಚಿ, ಸಣ್ಣ ಹುಳ, ಕೆಸರು ನಿಲ್ಲುತ್ತದೆ. ಅದನ್ನು ಝಾಡಿಸಿ ಮತ್ತೆ ಕಟ್ಟುತ್ತಾಳೆ. ಪೇಢೆ ಕೊಟ್ಟು ಸುದ್ದಿ ಹೇಳಿದೆ. ಒಂದನ್ನು ದೇವರ ಜಗಲಿ ಮೇಲಿಟ್ಟು, "ಯಾವಾಗ ಬರುತ್ತದಂತೆ ನೀರು?" ಅಂತ ಕೇಳಿದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಟಿವಿಯಲ್ಲಿ ಅದನ್ನು ಯಾರೂ ಹೇಳಿರಲಿಲ್ಲ. "ಇನ್ನೇನು, ಬರುತ್ತದವ್ವ" ಅಂದೆ.

ಎರಡು ವರ್ಷ ದಾಟಿತು. ಸರ್ಕಾರ ಬದಲಾಯಿತು. ಮತ್ತೆ ಬೆಳಗಾವಿಯಲ್ಲಿ ಅಧಿವೇಶನ ಆಯಿತು. ಅದು 2024ರ ಡಿಸೆಂಬರ್ 9ಕ್ಕೆ ಶುರುವಾಯಿತು. 10ನೇ ತಾರೀಕು ಎಸ್.ಎಂ. ಕೃಷ್ಣ ತೀರಿಕೊಂಡರು. ಅವತ್ತೇ ಸುವರ್ಣಸೌಧದ ಹತ್ತಿರ ಪಂಚಮಸಾಲಿ ಮೀಸಲಾತಿ ಹೋರಾಟಗಾರರ ಮೇಲೆ ಲಾಠಿ ಬಿತ್ತು. ಆಮೇಲಿನ ದಿನಗಳಲ್ಲಿ ಅದೇ ಗದ್ದಲ. 19ಕ್ಕೆ ಪರಿಷತ್ತಿನಲ್ಲಿ ಎದ್ದ ಜಗಳವನ್ನು ಟಿವಿಯವರು ರಾತ್ರಿಯೆಲ್ಲ ತೋರಿಸಿದರು. ನಾನು ದಿನಾ ಕಾದು ನೋಡಿದೆ. ನನ್ನವ್ವನ ಪ್ರಶ್ನೆಗೆ ಉತ್ತರ ಕೊಡುವವರು ಒಬ್ಬರೂ ಸಿಗಲಿಲ್ಲ.

ಆ ಭಾಷಣ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಡಿಪಿಆರ್‌ಗೆ ಒಪ್ಪಿಗೆ ಸಿಕ್ಕಿದ್ದು ನಿಜ. ಆದರೆ ಇದಾದ ಮೇಲೆ ಏನೇನು ಬಾಕಿ ಇದೆ, ಯಾರ ಕೈಯಲ್ಲಿದೆ ಅನ್ನೋದು ನಮ್ಮ ಕಿವಿಗೆ ಬೀಳಲಿಲ್ಲ. ನಮಗೆ ಕೇಳಿಸಿದ್ದು "ನೀರು ಬಂತು" ಅಂತ. ನಿಮಗೆ ಹೇಗೆ ಅನಿಸಿತು ಬರೆಯಿರಿ. ಪಕ್ಷದ ಮಾತು ಬದಿಗಿಟ್ಟು ಬರೆದರೆ ಒಳ್ಳೇದು.

ಬೆಣ್ಣಿಹಳ್ಳ:
ಅಣ್ಣಾ, ನಾನೂ ಅವತ್ತು ಪಟಾಕಿ ಹೊಡೆದವನೇ. ಈಗಲೂ ಅದಕ್ಕೆ ಬೇಜಾರಿಲ್ಲ. ಇಪ್ಪತ್ತು ವರ್ಷ ಯಾರೂ ಮಾಡದ ಕೆಲಸ ಅದು. 2018ರ ಆಗಸ್ಟ್ 14ಕ್ಕೆ ಮಹದಾಯಿ ನೀರು ಹಂಚುವ ನ್ಯಾಯಮಂಡಳಿಯ ತೀರ್ಪು ಬಂತು. 2020ರ ಫೆಬ್ರವರಿಯಲ್ಲಿ ಕೇಂದ್ರ ಅದನ್ನು ಗೆಜೆಟ್‌ನಲ್ಲಿ ಹೊರಡಿಸಿತು. 2022ರಲ್ಲಿ ಡಿಪಿಆರ್ ಆಯಿತು. ಮೂರೂ ಕೆಲಸ ಆಗಿದ್ದು ದೆಹಲಿಯಲ್ಲಿ ಬಿಜೆಪಿ ಇದ್ದಾಗ. ಭಾಷಣದಲ್ಲಿ ಸ್ವಲ್ಪ ಉತ್ಸಾಹ ಜಾಸ್ತಿ ಇತ್ತು ಅನ್ನಿ, ಒಪ್ಪುತ್ತೇನೆ. ಆದರೆ ಏನೂ ಆಗಲೇ ಇಲ್ಲ ಅನ್ನೋದು ಸರಿಯಲ್ಲ.

ಎರೆಹೊಲ:
ಅಲ್ಲ ತಮ್ಮಾ, 2023ರ ಜನವರಿಯಲ್ಲಿ ದೆಹಲಿ, ಬೆಂಗಳೂರು, ಪಣಜಿ ಮೂರೂ ಕಡೆ ನಿಮ್ಮದೇ ಪಕ್ಷ ಇತ್ತು. ಮುಂಬೈಯಲ್ಲೂ ಪಾಲು ಇತ್ತು. ಎಲ್ಲರೂ ಒಂದೇ ಮೇಜಿಗೆ ಕೂತು ಮುಗಿಸಬಹುದಿತ್ತು. ಆಗ ಆಗದ್ದು ಇನ್ಯಾವಾಗ ಆಗಬೇಕಿತ್ತು?

ಬೆಣ್ಣಿಹಳ್ಳ:
ಅದೇ ಪ್ರಶ್ನೆ ನಿಮಗೂ ಇದೆ ಕಾಕಾ. 2007ರಲ್ಲಿ ಗೋವಾ ಚುನಾವಣೆ ಪ್ರಚಾರಕ್ಕೆ ಹೋಗಿ, ಮಹದಾಯಿ ನೀರನ್ನು ಕರ್ನಾಟಕಕ್ಕೆ ಬಿಡಲ್ಲ ಅಂತ ಸೋನಿಯಾ ಗಾಂಧಿ ಮಾತು ಕೊಟ್ಟರು ಅಂತ 2018ರ ಚುನಾವಣೆಯಲ್ಲಿ ಮೋದಿಯವರೇ ಇಲ್ಲಿ ಬಂದು ಹೇಳಿದರು. 2004ರಿಂದ 2014ರವರೆಗೆ ದೆಹಲಿಯಲ್ಲಿ ನಿಮ್ಮವರೇ ಇದ್ದರಲ್ಲ. ಹತ್ತು ವರ್ಷ ಸಾಲಲಿಲ್ಲವಾ?

ನರಗುಂದದ ಅಕ್ಕ:
ಇಬ್ಬರೂ ಸ್ವಲ್ಪ ನಿಲ್ಲಿಸಿ. ನೀವು ಬರೆದಿದ್ದೆಲ್ಲ ನಿಜವೇ. ಅದಕ್ಕೇ ನೋವಾಗುತ್ತದೆ. ನೀವು ಒಬ್ಬರಿಗೊಬ್ಬರು ಹೇಳಿದ ಈ ಎರಡು ಮಾತನ್ನೇ ಸದನದಲ್ಲೂ ಆಡುತ್ತಾರೆ. ಒಬ್ಬರು ಎದ್ದು "ನೀವೇನು ಮಾಡಿದಿರಿ" ಅನ್ನುತ್ತಾರೆ. ಇನ್ನೊಬ್ಬರು "ನೀವೇನು ಕಡಿದಿರಿ" ಅನ್ನುತ್ತಾರೆ. ಗಂಟೆ ಹೊಡೆಯುತ್ತದೆ. ಸದನ ಮುಂದಕ್ಕೆ.

ನಾನು 2015ರ ಜುಲೈಯಿಂದ ನರಗುಂದದ ಹೋರಾಟದ ಪೆಂಡಾಲಿಗೆ ಹೋಗುತ್ತಿದ್ದವಳು. ದಿನಾ ಅಲ್ಲ. ಹೊಲದ ಕೆಲಸ ಇಲ್ಲದ ದಿನ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆವರೆಗೆ ಕೂತು ಬರುತ್ತಿದ್ದೆವು. ಆ ಪೆಂಡಾಲಿಗೆ ಬಂದು ಮಾತಾಡದ ಪಕ್ಷ ಇಲ್ಲ. ಎಲ್ಲರೂ ಹಸಿರು ಶಾಲು ಹಾಕಿಕೊಂಡೇ ಮಾತಾಡಿದರು.

ನನಗೆ ಎಲ್ಲಕ್ಕಿಂತ ಜಾಸ್ತಿ ನೆನಪಿರೋದು 2017ರ ಡಿಸೆಂಬರ್ 21. ಹುಬ್ಬಳ್ಳಿಯಲ್ಲಿ ಬಿಜೆಪಿ ಪರಿವರ್ತನಾ ಯಾತ್ರೆಯ ಸಮಾವೇಶ. ಮಹದಾಯಿ ಬಗ್ಗೆ ಸಿಹಿ ಸುದ್ದಿ ಕೊಡುತ್ತಾರೆ ಅಂತ ವಾರದಿಂದ ಸುದ್ದಿ ಇತ್ತು. ನಮ್ಮ ಓಣಿಯವರು ಟ್ರ್ಯಾಕ್ಸ್ ಮಾಡಿಕೊಂಡು ಹೋದರು. ಅಲ್ಲಿ ಯಡಿಯೂರಪ್ಪನವರು ಓದಿದ್ದು ಗೋವಾ ಮುಖ್ಯಮಂತ್ರಿ ಮನೋಹರ್ ಪರಿಕ್ಕರ್ ಬರೆದ ಒಂದು ಪತ್ರ. ಕುಡಿಯುವ ನೀರಿನ ವಿಷಯದಲ್ಲಿ ಮಾತುಕತೆಗೆ ತಯಾರಿದ್ದೇವೆ ಅನ್ನೋ ಅರ್ಥದ್ದು. ಪತ್ರ ನಮ್ಮ ಸರ್ಕಾರಕ್ಕೆ ಬಂದಿರಲಿಲ್ಲ, ಪಕ್ಷದ ಅಧ್ಯಕ್ಷರಿಗೆ ಬಂದಿತ್ತು. ಹೋದವರು ರಾತ್ರಿ ವಾಪಸ್ ಬಂದರು. "ಏನಾಯ್ತು?" ಅಂದರೆ "ಪತ್ರ ಬಂತು" ಅಂದರು. ಅಷ್ಟೇ. ಯಾರಿಗೂ ಮಾತಾಡಲು ಮನಸ್ಸಿರಲಿಲ್ಲ. ಅದಾಗಿ ಎರಡೇ ದಿನಕ್ಕೆ ನಮ್ಮ ಕಡೆ ರೈತರು ಬೆಂಗಳೂರಿಗೆ ಹೋಗಿ ಮಲ್ಲೇಶ್ವರದ ಬಿಜೆಪಿ ಕಚೇರಿ ಮುಂದೆ ಚಳಿಯಲ್ಲಿ ಮಲಗಿದರು.

ಇನ್ನು 2016ರ ಜುಲೈ. ನ್ಯಾಯಮಂಡಳಿ 7 ಟಿಎಂಸಿಯ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು) ಮಧ್ಯಂತರ ಬೇಡಿಕೆ ತಳ್ಳಿಹಾಕಿದ ಮರುದಿನ ಯಮನೂರು, ಅಳಗವಾಡಿ, ಅರೇಕುರಹಟ್ಟಿಗಳಲ್ಲಿ ಪೊಲೀಸರು ಮನೆ ಹೊಕ್ಕು ಹೊಡೆದದ್ದನ್ನು ಇಡೀ ರಾಜ್ಯ ಟಿವಿಯಲ್ಲಿ ನೋಡಿತು. ಆಗ ಇಲ್ಲಿದ್ದದ್ದು ಕಾಂಗ್ರೆಸ್ ಸರ್ಕಾರ. ಅದಕ್ಕೇ ಹೇಳಿದ್ದು, ಇಬ್ಬರೂ ನಿಲ್ಲಿಸಿ.

ಹೆಸರುಕಾಳು:
ಅಕ್ಕಾ, "ಪತ್ರ ಬಂತು" ಅನ್ನೋ ಮಾತು ಓದಿ ಸುಮ್ನೆ ಕೂತುಬಿಟ್ಟೆ. ನಮ್ಮೂರಿಂದ ಹೋದವರೂ ಹಾಗೇ ಬಂದಿದ್ದರು.

ಪಿಜಿ ರೂಮು:
ನಾನು ಬೆಂಗಳೂರಲ್ಲಿ ಕೆಲಸ ಮಾಡುತ್ತೇನೆ, ಊರು ಅಣ್ಣಿಗೇರಿ ಕಡೆ. ಇಲ್ಲಿ ಆಫೀಸಿನವರಿಗೆ ಮಹದಾಯಿ ಅಂದರೆ ಬಂದ್ ಮಾತ್ರ ನೆನಪು. 2018ರ ಜನವರಿ 25ಕ್ಕೆ ಬಸ್ ಇರಲಿಲ್ಲ ಅನ್ನೋದು ಗೊತ್ತು, ಯಾಕೆ ಅಂತ ಗೊತ್ತಿಲ್ಲ. ಅದಾದ ಹತ್ತು ದಿನಕ್ಕೆ ಪ್ರಧಾನಿ ಅರಮನೆ ಮೈದಾನಕ್ಕೆ ಬಂದರು. ನಾನು ಆಗ ಕಾಲೇಜು. ಹಾಸ್ಟೆಲಿನಲ್ಲಿ ಉತ್ತರ ಕರ್ನಾಟಕದ ಹುಡುಗರೆಲ್ಲ ಮೊಬೈಲ್ ಸುತ್ತ ಕೂತು ಪೂರ್ತಿ ಭಾಷಣ ಕೇಳಿದೆವು. ಮಹದಾಯಿ ಅನ್ನೋ ಹೆಸರು ಒಂದು ಸಲವೂ ಬರಲಿಲ್ಲ. ಕೊನೆಗೆ ಒಬ್ಬ ಎದ್ದು ಲೈಟ್ ಆರಿಸಿ ಮಲಗಿದ.

ನನ್ನ ಒಂದು ಸಾದಾ ಪ್ರಶ್ನೆ. ಈಗ ನಿಜವಾಗಿ ಎಲ್ಲಿ ನಿಂತಿದೆ ಇದು? ಗೊತ್ತಿದ್ದವರು ಬಿಡಿಸಿ ಹೇಳುತ್ತೀರಾ?

ಹಳೇ ಇಂಜಿನಿಯರ್:
ನಾನು ನೀರಾವರಿ ಕೆಲಸದಲ್ಲೇ ತಲೆ ಬೆಳ್ಳಗಾದವನು. ನಿವೃತ್ತನಾಗಿ ಬಹಳ ವರ್ಷ ಆಯಿತು. ಗೊತ್ತಿದ್ದಷ್ಟು ಹೇಳುತ್ತೇನೆ.

ಮಹದಾಯಿ ಹುಟ್ಟುವುದು ಖಾನಾಪುರ ತಾಲೂಕಿನ ಕಾಡಿನಲ್ಲಿ. ಗೋವಾದಲ್ಲಿ ಅದೇ ಮಾಂಡೋವಿ. ಕಳಸಾ, ಬಂಡೂರಿ ಅದಕ್ಕೆ ಸೇರುವ ಹಳ್ಳಗಳು. ಅದೇ ತಾಲೂಕಿನ ಕಣಕುಂಬಿಯಲ್ಲಿ ನಮ್ಮ ಮಲಪ್ರಭೆ ಹುಟ್ಟುತ್ತದೆ. ಒಂದು ಕಡೆ ಮಳೆನೀರು ಪಶ್ಚಿಮಕ್ಕೆ, ಇನ್ನೊಂದು ಕಡೆ ಪೂರ್ವಕ್ಕೆ. ಆ ಹಳ್ಳಗಳ ಸ್ವಲ್ಪ ನೀರನ್ನು ಈಚೆ ತಿರುಗಿಸಿ ಮಲಪ್ರಭೆಗೆ ಸೇರಿಸಿದರೆ ನವಿಲುತೀರ್ಥದ ಜಲಾಶಯಕ್ಕೆ ಬರುತ್ತದೆ. ಅಲ್ಲಿಂದ ಹುಬ್ಬಳ್ಳಿ-ಧಾರವಾಡ, ಕುಂದಗೋಳ ಮತ್ತು ದಾರಿಯ ಹಳ್ಳಿಗಳಿಗೆ ಕುಡಿಯಲು. ಯೋಜನೆ ಅಂದರೆ ಇಷ್ಟೇ. ಜಲಾಶಯದ ಸಾಮರ್ಥ್ಯ 37.73 ಟಿಎಂಸಿ, ಆದರೆ ಅದು ತುಂಬಿದ ವರ್ಷಗಳು ಕಡಿಮೆ.

ಈ ವಿಚಾರ ಬಂದಿದ್ದು 1980ರ ನರಗುಂದ ರೈತ ಬಂಡಾಯದ ನಂತರ. ಆಗ ಗುಂಡೂರಾವ್ ಸರ್ಕಾರ ಎಸ್.ಆರ್. ಬೊಮ್ಮಾಯಿಯವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ಮಹದಾಯಿ ನೀರು ತನ್ನಿ ಅಂದದ್ದು ಆ ಸಮಿತಿ. ನಲವತ್ತೆರಡು ವರ್ಷದ ನಂತರ ಸದನದಲ್ಲಿ ನಿಂತು ಡಿಪಿಆರ್ ಸುದ್ದಿ ಹೇಳಿದ್ದು ಅವರ ಮಗ ಬಸವರಾಜ ಬೊಮ್ಮಾಯಿ. ಅವತ್ತು ಅವರ ದನಿಯಲ್ಲಿ ಸಂತೋಷ ನಿಜವಾಗಿಯೇ ಇತ್ತು ಅಂತ ನನಗೆ ಅನಿಸುತ್ತದೆ.

2002ರ ಏಪ್ರಿಲ್‌ನಲ್ಲಿ ಕೇಂದ್ರ 7.56 ಟಿಎಂಸಿಗೆ ತಾತ್ವಿಕ ಒಪ್ಪಿಗೆ ಕೊಟ್ಟಿತ್ತು. ಗೋವಾ ತಕರಾರು ತೆಗೆದ ಮೇಲೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅದನ್ನು ತಡೆಹಿಡಿದರು. 2006ರಲ್ಲಿ ಕಣಕುಂಬಿಯಲ್ಲಿ ಕುಮಾರಸ್ವಾಮಿಯವರು ಅಡಿಗಲ್ಲು ಹಾಕಿದರು, ಕಾಲುವೆ ಅಗೆದರು. 2010ರಲ್ಲಿ ನ್ಯಾಯಮಂಡಳಿ ರಚನೆ ಆಯಿತು. 2018ರ ತೀರ್ಪಿನಲ್ಲಿ ನಮಗೆ 13.42 ಟಿಎಂಸಿ ಸಿಕ್ಕಿತು. ಕೇಳಿದ್ದು 36 ಟಿಎಂಸಿಗೂ ಜಾಸ್ತಿ. ಆ 13.42ರಲ್ಲಿ 8.02 ವಿದ್ಯುತ್ತಿಗೆ. ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು 3.9 ಮಾತ್ರ. ಕಳಸಾದಿಂದ 1.72, ಬಂಡೂರಿಯಿಂದ 2.18.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಡಿಪಿಆರ್ ಒಪ್ಪಿಗೆ ಅಂದರೆ, ಈ ನಕ್ಷೆ ಮತ್ತು ನೀರಿನ ಲೆಕ್ಕ ಸರಿ ಇದೆ ಅಂತ. ಕಟ್ಟಲು ಅನುಮತಿ ಅಲ್ಲ. ಅದಾದ ಮೇಲೆ ಅರಣ್ಯ ಇಲಾಖೆ ಬೇರೆ, ವನ್ಯಜೀವಿ ಮಂಡಳಿ ಬೇರೆ. ಅಲ್ಲಿ ಭೀಮಗಡ ಅಭಯಾರಣ್ಯ ಇದೆ, ಹುಲಿ ಓಡಾಡುವ ದಾರಿ ಇದೆ. ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ 2024ರ ಜನವರಿಯಲ್ಲಿ ಕಳಸಾ ವಿಷಯವನ್ನು ಮುಂದೂಡಿತು. ಇದರ ಮೇಲೆ ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರು ರಾಜ್ಯಗಳೂ ಸುಪ್ರೀಂ ಕೋರ್ಟಿನಲ್ಲಿವೆ. 2023ರ ಫೆಬ್ರವರಿಯಲ್ಲಿ ಕೇಂದ್ರ ಸಂಪುಟ ತೀರ್ಪಿನ ಜಾರಿ ನೋಡಿಕೊಳ್ಳುವ "ಪ್ರವಾಹ" ಅನ್ನೋ ಪ್ರಾಧಿಕಾರಕ್ಕೆ ಒಪ್ಪಿಗೆ ಕೊಟ್ಟಿತು. ಅದರ ತಂಡ 2024ರ ಜುಲೈನಲ್ಲಿ ಸ್ಥಳ ನೋಡಿ ಹೋಯಿತು.

ಮನೆ ಕಟ್ಟುವವರಿಗೆ ಇದು ಸುಲಭವಾಗಿ ಅರ್ಥ ಆಗುತ್ತದೆ. ನಕ್ಷೆ ಪಾಸಾಗಿದೆ. ಜಾಗದ ಮೇಲೆ ತಂಟೆ ಇದೆ. ಅಂಥ ಹೊತ್ತಿನಲ್ಲಿ ಗೃಹಪ್ರವೇಶದ ಊಟ ಹಾಕಿದಂತೆ ಆಯಿತು ಆ ದಿನ.

ಪಿಜಿ ರೂಮು:
ಸರ್, ತುಂಬಾ ಥ್ಯಾಂಕ್ಸ್. ನನ್ನ ಜೀವನದಲ್ಲಿ ಮೊದಲ ಸಲ ಇದು ಪೂರ್ತಿ ಅರ್ಥ ಆಯಿತು. ಇದೇ ಮಾತನ್ನು ಸದನದಲ್ಲಿ ಒಬ್ಬರು ಹತ್ತು ನಿಮಿಷ ಹೇಳಿದ್ದರೆ ಸಾಕಿತ್ತು ಅಲ್ವಾ?

ವಾಸ್ಕೋ ಕನ್ನಡಿಗ:
ನಾನು ಗದಗ ಜಿಲ್ಲೆಯವನು. ಗೋವಾಕ್ಕೆ ಬಂದು ಇಪ್ಪತ್ತೆರಡು ವರ್ಷ. ಮಕ್ಕಳು ಇಲ್ಲೇ ಹುಟ್ಟಿದವರು, ಶಾಲೆಯಲ್ಲಿ ಕೊಂಕಣಿ ಮಾತಾಡುತ್ತಾರೆ. ಈ ವಿಷಯದಲ್ಲಿ ನನ್ನ ಪರಿಸ್ಥಿತಿ ಯಾರಿಗೂ ಬೇಡ.

2023ರ ಜನವರಿ 28. ಬೆಳಗಾವಿ ಜಿಲ್ಲೆಯ ಎಂ.ಕೆ. ಹುಬ್ಬಳ್ಳಿಯಲ್ಲಿ ಅಮಿತ್ ಶಾ ಭಾಷಣ ಮಾಡಿದರು. ಎರಡು ರಾಜ್ಯಗಳ ಹಳೇ ವಿವಾದವನ್ನು ಕೇಂದ್ರ ಬಗೆಹರಿಸಿ ಕರ್ನಾಟಕದ ರೈತರಿಗೆ ನೀರು ಕೊಟ್ಟಿದೆ ಅನ್ನೋ ಮಾತು ಬಂತು. ಗೋವಾ ಒಪ್ಪಿದೆ ಅನ್ನೋ ಅರ್ಥ ಬರುವ ಮಾತೂ ಇತ್ತು. ಊರಿಂದ ತಮ್ಮ ಫೋನ್ ಮಾಡಿ "ಅಣ್ಣಾ, ಮುಗೀತು, ನೀರು ನಮ್ಮದಾಯಿತು" ಅಂದ. ಅದೇ ಸಂಜೆ ಇಲ್ಲಿ ಗಲಾಟೆ. ನಾವೇನೂ ಒಪ್ಪಿಲ್ಲ ಅಂತ ಇಲ್ಲಿನ ಮುಖ್ಯಮಂತ್ರಿ ಪ್ರಮೋದ್ ಸಾವಂತ್ ಹೇಳಬೇಕಾಯಿತು. ಅವರೂ ಅದೇ ಪಕ್ಷದವರು. ನನ್ನ ಪಕ್ಕದ ಮನೆಯ ಅಂಕಲ್, ಇಪ್ಪತ್ತು ವರ್ಷ ಜೊತೆಗೆ ಹಬ್ಬ ಮಾಡಿದವರು, ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಅವರೇ ಬಂದು ಬಾಗಿಲಲ್ಲಿ ನಿಂತು, "ನಿನ್ನ ತಪ್ಪೇನಿದೆ" ಅಂದರು.

ಇಲ್ಲಿಯ ಜನಕ್ಕೂ ಭಯ ಇದೆ. ಮಾಂಡೋವಿಯಲ್ಲಿ ಸಿಹಿನೀರು ಕಡಿಮೆಯಾದರೆ ಸಮುದ್ರದ ಉಪ್ಪುನೀರು ಒಳಗೆ ನುಗ್ಗುತ್ತದೆ ಅನ್ನುತ್ತಾರೆ. ಕುಡಿಯುವ ನೀರಿಗೆ ಅವರಿಗೂ ಇದೇ ನದಿ. ಸುಮ್ನೆ ಹಟ ಮಾಡುತ್ತಾರೆ ಅಂತ ಊರಲ್ಲಿ ಹೇಳುತ್ತಾರಲ್ಲ, ಅದು ಪೂರ್ತಿ ಸರಿಯಲ್ಲ. ಒಂದು ವ್ಯತ್ಯಾಸ ಮಾತ್ರ ಇದೆ. ಇಲ್ಲಿ ಈ ವಿಷಯ ಬಂದರೆ ಆಡಳಿತ, ವಿರೋಧ ಎರಡೂ ಒಂದೇ ಮಾತು. ಆ ಜನವರಿಯಲ್ಲೇ ಸದನ ಸಮಿತಿ ಮಾಡಿಕೊಂಡರು.

ಎರೆಹೊಲ:
ಅದನ್ನೇ ನಾನು ಹೇಳೋದು. ಅವರು ಒಂದಾಗುತ್ತಾರೆ, ನಾವು ಕಚ್ಚಾಡುತ್ತೇವೆ.

ಹಳೇ ಇಂಜಿನಿಯರ್:
ನಾವೂ ಒಂದು ಸಲ ಒಂದಾಗಿ ಹೋಗಿದ್ದೆವು. 2015ರ ಆಗಸ್ಟ್‌ನಲ್ಲಿ ಸಿದ್ದರಾಮಯ್ಯನವರ ಜೊತೆ ಸರ್ವಪಕ್ಷ ನಿಯೋಗ ಪ್ರಧಾನಿ ಹತ್ತಿರ ಹೋಯಿತು. ಗೋವಾ, ಮಹಾರಾಷ್ಟ್ರದ ವಿರೋಧ ಪಕ್ಷದವರನ್ನು ನೀವು ಒಪ್ಪಿಸಿ ಅನ್ನೋ ಸಲಹೆ ಬಂತು. ಅಲ್ಲಿ ಆಡಳಿತ ಬಿಜೆಪಿಯದು, ವಿರೋಧ ಪಕ್ಷ ಕಾಂಗ್ರೆಸ್. ಇಲ್ಲಿ ಅದರ ತಿರುವುಮುರುವು. ನಿಮ್ಮವರನ್ನು ನೀವು ಒಪ್ಪಿಸಿ, ನಮ್ಮವರನ್ನು ನಾವು ಒಪ್ಪಿಸುತ್ತೇವೆ ಅಂತ ಅಲ್ಲಿಗೆ ನಿಂತುಹೋಯಿತು. ಮೊದಲು ಯಾರು ಒಪ್ಪಿಸಬೇಕು ಅನ್ನೋದೇ ತೀರ್ಮಾನ ಆಗಲಿಲ್ಲ.

ಬೆಣ್ಣಿಹಳ್ಳ:
ಇದು ನನಗೆ ಗೊತ್ತಿರಲಿಲ್ಲ ಸರ್. ಎಂ.ಕೆ. ಹುಬ್ಬಳ್ಳಿ ಭಾಷಣಕ್ಕೆ ನಾನು ಹೋಗಿದ್ದೆ. ಮುಂದಿನ ಸಾಲಲ್ಲಿ ನಿಂತು ಚಪ್ಪಾಳೆ ಹೊಡೆದಿದ್ದೆ. ಗೋವಾದಲ್ಲಿ ಇಲ್ಲ ಅಂದರು ಅನ್ನೋದು ಆಮೇಲೆ ಓದಿದೆ. ಆದರೂ ಯಾರ ಮುಂದೆಯೂ ಹೇಳಲಿಲ್ಲ. ನಮ್ಮವರನ್ನು ಬಿಟ್ಟುಕೊಡಬಾರದು ಅಂತ ಅನಿಸಿತ್ತು. ಇವತ್ತು ಇಲ್ಲಿ ಹೇಳುತ್ತಿದ್ದೇನೆ.

ನರಗುಂದದ ಅಕ್ಕ:
ಹೇಳಿದೆಯಲ್ಲಪ್ಪ, ಅದು ದೊಡ್ಡದು.

ಖಾನಾಪುರ ಕಾಡು:
ನಮ್ಮ ಕಡೆಯವರ ಮಾತೂ ಒಂದಿರಲಿ. ಕಣಕುಂಬಿಗೆ ಯಾವತ್ತಾದರೂ ಬಂದಿದ್ದೀರಾ? ಮಾವುಲಿ ಗುಡಿ ಹತ್ತಿರ ನಿಂತು ನೋಡಿ. ಹಿಂದೆ ಅಗೆದ ಕಾಲುವೆಯ ಕೆಂಪು ಮಣ್ಣಿನ ಗುಡ್ಡೆಗಳ ಮೇಲೆ ಈಗ ಗಿಡ ಬೆಳೆದಿವೆ. ಜೂನ್‌ನಿಂದ ಇಲ್ಲಿ ಸುರಿಯುವ ಮಳೆ ನೋಡಿದರೆ ಯಾರಿಗಾದರೂ ಸ್ವಲ್ಪ ಈಚೆ ತಿರುಗಿಸಿದರೇನು ಅನಿಸುತ್ತದೆ. ಮಾರ್ಚಿನಲ್ಲಿ ಬನ್ನಿ. ನಮ್ಮ ಹೆಣ್ಣುಮಕ್ಕಳು ಝರಿ ಹುಡುಕಿಕೊಂಡು ಹೋಗುತ್ತಾರೆ. ಎರಡು ನದಿ ಹುಟ್ಟುವ ತಾಲೂಕಿನ ಕಥೆ ಇದು. ಭಾಷಣಗಳಲ್ಲಿ ನಮ್ಮ ಊರಿನ ಹೆಸರು ಬರುತ್ತದೆ, ನಮ್ಮ ನೀರಿನ ಮಾತು ಬರಲ್ಲ.

ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡಿ. ಮಲಪ್ರಭೆಯಲ್ಲೇ ಇರುವ ನೀರು ಎಲ್ಲಿ ಹೋಗುತ್ತಿದೆ ಅಂತ ಯಾಕೆ ಕೇಳುವುದಿಲ್ಲ? ದಂಡೆ ಒತ್ತುವರಿಯಾಗಿದೆ, ಹೂಳು ತುಂಬಿದೆ, ಮೇಲೆ ಕಬ್ಬು ಕುಡಿಯುತ್ತಿದೆ. 2019ರ ಆಗಸ್ಟ್‌ನಲ್ಲಿ ಅದೇ ನದಿ ಉಕ್ಕಿ ಕೊಣ್ಣೂರು ಸುತ್ತಲಿನ ಹಳ್ಳಿಗಳು ಮುಳುಗಿದವು. ಮಲಪ್ರಭೆಗೆ ಸೇರುವ ಬೆಣ್ಣಿಹಳ್ಳದಲ್ಲೂ ಅದೇ. ಮಳೆ ಬಂದರೆ ಬೆಳೆ ಕೊಚ್ಚಿಕೊಂಡು ಹೋಗುತ್ತದೆ, ಬೇಸಿಗೆಗೆ ಕೊಡಪಾನ ಹಿಡಿಯಬೇಕು. 3.9 ಟಿಎಂಸಿ ಬರುವವರೆಗೆ ಕೈಯಲ್ಲಿರೋದನ್ನು ಹಿಡಿದಿಡುವ ಮಾತು ಯಾವ ಪಕ್ಷವೂ ಜೋರಾಗಿ ಆಡಿಲ್ಲ. ಅದರಲ್ಲಿ ಗೋವಾವನ್ನೂ ಬೈಯುವಂತಿಲ್ಲ, ದೆಹಲಿಯನ್ನೂ ಬೈಯುವಂತಿಲ್ಲ. ನಮ್ಮದೇ ದಂಡೆ, ನಮ್ಮದೇ ಹೂಳು.

ಹೆಸರುಕಾಳು:
ಕೋಪ ಯಾಕೆ ಬರುತ್ತದೆ ಅಣ್ಣಾ. ಕಬ್ಬಿನ ಮಾತು ನಮ್ಮ ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ, ಅದು ನಿಜ. ಮೇಲಿನವರೂ ರೈತರೇ ಅಂತ ಸುಮ್ಮನಾಗುತ್ತೇವೆ. ಕಾಲುವೆಯ ಕೊನೆಗೆ ಇರೋ ನಮಗೆ ಸರದಿ ಬರುವಷ್ಟರಲ್ಲಿ ನೀರು ಮೊಣಕಾಲಿಗೂ ಇರಲ್ಲ. ನಿಮ್ಮ ತಾಲೂಕಿನ ಹೆಣ್ಣುಮಕ್ಕಳ ವಿಷಯ ಮಾತ್ರ ಇವತ್ತೇ ಕೇಳಿದ್ದು. ಒಂದು ದಿನ ಬಂದು ನೋಡುತ್ತೇನೆ.

ಎರೆಹೊಲ:
ಖಾನಾಪುರದವರ ಮಾತು ಒಪ್ಪಿದೆ. ಆದರೆ ಒಂದು ಎಚ್ಚರಿಕೆ. "ಮೊದಲು ಇರೋದನ್ನು ಸರಿ ಮಾಡಿ" ಅನ್ನೋ ವಾದವನ್ನು ಇಷ್ಟು ವರ್ಷ ನಮ್ಮ ಎದುರು ಬಳಸಿದ್ದಾರೆ. 3.9ನ್ನು ಬಿಟ್ಟುಕೊಡಲು ಅದು ನೆಪ ಆಗಬಾರದು. ನ್ಯಾಯಮಂಡಳಿ ಎಂಟು ವರ್ಷ ಕೂತು ಅಳೆದು ಕೊಟ್ಟದ್ದು ಅದು. ನಮ್ಮ ಈಗಿನ ಕಾಂಗ್ರೆಸ್ ಸರ್ಕಾರದ ಮೇಲೂ ನನಗೆ ಬೇಜಾರಿದೆ, ನಾನು ಮತ ಹಾಕಿದ್ದು ಅವರಿಗೇ. 2023ರ ಜನವರಿ 2ಕ್ಕೆ ಹುಬ್ಬಳ್ಳಿಯಲ್ಲಿ ಮಹದಾಯಿಗೆ ಅಂತಲೇ ಸಮಾವೇಶ ಮಾಡಿದರು. ಮೈದಾನ ತುಂಬಿತ್ತು. ನಾಲ್ಕು ತಿಂಗಳಿಗೆ 135 ಸೀಟು ಬಂದವು. ಆಮೇಲೆ ಪ್ರಧಾನಿಗೆ ಪತ್ರ ಬರೆದಿದ್ದಾರೆ, ನಮ್ಮ ಕಾಡಿನಲ್ಲೇ ಹಾದು ಗೋವಾಕ್ಕೆ ಹೋಗುವ ಗೋವಾ-ತಮ್ನಾರ್ ವಿದ್ಯುತ್ ಮಾರ್ಗಕ್ಕೆ ಒಂದು ನ್ಯಾಯ, ಕಳಸಾಕ್ಕೆ ಒಂದು ನ್ಯಾಯವಾ ಅಂತ ಕೇಳಿದ್ದಾರೆ. ಕೇಳಿದ್ದು ಸರಿ. ಆದರೆ ಹುಬ್ಬಳ್ಳಿಯಲ್ಲಿ ಆ ದಿನ ಆಡಿದ ದನಿ ಈಗ ಎಲ್ಲಿ?

ಪಿಜಿ ರೂಮು:
ಒಂದು ವಿಚಾರ ಬಂತು. ಬೆಳಗಾವಿಯಲ್ಲಿ ಪ್ರತಿ ಸಲ ಉತ್ತರ ಕರ್ನಾಟಕದ ಚರ್ಚೆಯನ್ನು ಕೊನೆಗೆ ತಳ್ಳುತ್ತಾರೆ. ಅಷ್ಟು ಹೊತ್ತಿಗೆ ಅರ್ಧ ಸದನ ಖಾಲಿ, ಉಳಿದವರು ಸಭಾಧ್ಯಕ್ಷರ ಪೀಠದ ಮುಂದೆ ಧರಣಿಯಲ್ಲಿ. ಉತ್ತರ ಗದ್ದಲದಲ್ಲೇ ಮುಗಿಯುತ್ತದೆ. ಮೊದಲ ಎರಡು ದಿನ ಇದನ್ನೇ ಇಡಿ ಅಂತ ನಾವು ಕೇಳಬಹುದು ಅಲ್ವಾ? ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕು ಅಂತ 2005ರ ಕಾನೂನೇ ಇದೆ. ಅದೇ ಪಾಲನೆ ಆಗುತ್ತಿಲ್ಲ. 2019, 2020ರಲ್ಲಿ ಬೆಳಗಾವಿಯಲ್ಲಿ ಅಧಿವೇಶನವೇ ಆಗಲಿಲ್ಲ.

ಹಳೇ ಇಂಜಿನಿಯರ್:
ಒಳ್ಳೆಯ ವಿಚಾರ. ಜೊತೆಗೆ ಇನ್ನೊಂದು ಕೇಳಿ. ಉತ್ತರ ಭಾಷಣದ ಜೊತೆ ಒಂದು ಹಾಳೆ ಮೇಜಿನ ಮೇಲಿಡಲಿ. ಕಡತ ಯಾವುದು, ಈಗ ಯಾವ ಕಚೇರಿಯಲ್ಲಿದೆ, ಯಾರು ಏನು ಪ್ರಶ್ನೆ ಹಾಕಿದ್ದಾರೆ, ನಾವು ಯಾವ ತಾರೀಕು ಉತ್ತರ ಕಳಿಸಿದ್ದೇವೆ. ನಾಲ್ಕು ಕಾಲಂ ಸಾಕು. ಆಡಳಿತದವರು ಬರೆಯಲಿ, ವಿರೋಧ ಪಕ್ಷದವರು ತಿದ್ದಲಿ. ಚಪ್ಪಾಳೆ ಬೀಳಲ್ಲ ಅದಕ್ಕೆ, ಗೊತ್ತು. ಆದರೆ ಮುಂದಿನ ಡಿಸೆಂಬರ್‌ಗೆ ಅದೇ ಹಾಳೆ ತೆಗೆದು, ಯಾವ ಕಾಲಂ ಬದಲಾಗಿದೆ ಅಂತ ಯಾರು ಬೇಕಾದರೂ ಕೇಳಬಹುದು.

ವಾಸ್ಕೋ ಕನ್ನಡಿಗ:
ಅಂಥ ಹಾಳೆ ಇದ್ದರೆ ನಾನು ಪಕ್ಕದ ಮನೆ ಅಂಕಲ್‌ಗೆ ತೋರಿಸುತ್ತೇನೆ. 3.9 ಅಂದರೆ ಎಷ್ಟು ಅಂತ ಅವರಿಗೂ ಯಾರೂ ಹೇಳಿಲ್ಲ. ಇಡೀ ನದಿ ತಿರುಗಿಸುತ್ತಾರೆ ಅಂತಲೇ ಇಲ್ಲಿ ಬಹಳ ಜನ ನಂಬಿದ್ದಾರೆ.

ಬೆಣ್ಣಿಹಳ್ಳ:
ನಮ್ಮ ಶಾಸಕರಿಗೆ ನಾನು ಕೊಡುತ್ತೇನೆ ಮನವಿ. ಎರೆಹೊಲ ಕಾಕಾ, ನೀವು ನಿಮ್ಮವರಿಗೆ ಕೊಡಿ. ಎರಡೂ ಒಂದೇ ಕಾಗದ ಇರಲಿ, ಒಂದು ಅಕ್ಷರ ಹೆಚ್ಚುಕಮ್ಮಿ ಬೇಡ.

ಎರೆಹೊಲ:
ಬರೆದು ಕಳಿಸು ತಮ್ಮಾ. ಸಹಿ ಹಾಕಿಸಿಕೊಂಡು ಬರುತ್ತೇನೆ. ನಮ್ಮೂರಲ್ಲಿ ಸಂತೆ ಮಂಗಳವಾರ, ಆವತ್ತು ಎಲ್ಲರೂ ಸಿಗುತ್ತಾರೆ.

ನರಗುಂದದ ಅಕ್ಕ:
ಹೆಣ್ಣುಮಕ್ಕಳ ಸಹಿಗೆ ಬೇರೆ ಹಾಳೆ ಇಡಿ. ನಮ್ಮ ಸಂಘದಲ್ಲಿ ನಾನು ಹಾಕಿಸುತ್ತೇನೆ. ಖಾನಾಪುರದ ತಮ್ಮಾ, ನಿಮ್ಮ ಊರಿನ ಕುಡಿಯುವ ನೀರಿನ ಮಾತನ್ನೂ ಅದರಲ್ಲಿ ಒಂದು ಸಾಲು ಸೇರಿಸಿ. ಅದು ಇಲ್ಲದೆ ನಾನು ಸಹಿ ಹಾಕಲ್ಲ.

ಖಾನಾಪುರ ಕಾಡು:
ಸೇರಿಸುತ್ತೇನೆ ಅಕ್ಕಾ.

ಹೆಸರುಕಾಳು:
ಕರಡು ನಾನು ಬರೆಯುತ್ತೇನೆ. ಇಂಜಿನಿಯರ್ ಸರ್ ಒಮ್ಮೆ ನೋಡಿ ಅಂಕಿ ತಪ್ಪಿದ್ದರೆ ತಿದ್ದಬೇಕು. ನಾಳೆ, ನಾಡಿದ್ದು ಆಗಲ್ಲ. ಕಾಲುವೆಗೆ ನೀರು ಬಿಟ್ಟಿದ್ದಾರೆ, ನಮ್ಮೂರ ಕೆರೆ ತುಂಬಿಸುವ ಸರದಿ ಎರಡೇ ದಿನ. ರಾತ್ರಿ ಕಾಲುವೆ ಮೇಲೆ ಬ್ಯಾಟರಿ ಹಿಡಿದು ಕಾಯಬೇಕು, ಇಲ್ಲವಾದರೆ ಮೇಲೆ ಯಾರಾದರೂ ತೂಬು ತೆಗೆಯುತ್ತಾರೆ. ಅವ್ವ ಈಗಲೇ ಹಳೇ ಸೀರೆ ಒಗೆದು ಒಣಹಾಕಿದ್ದಾಳೆ. ಶುಕ್ರವಾರ ಕರಡು ಇಲ್ಲೇ ಹಾಕುತ್ತೇನೆ.